ಹಿತ್ತಿಲ ಕಂಬಿಗೆ ತಕ್ಕ ಗರಗಸ

ಮನುಷ್ಯ ಕಬ್ಬಿಣ ಕತ್ತರಿಸುವುದನ್ನು ಕಲಿತು ಬಹಳ ಕಾಲವಾಗಿದೆ. ಈ ಮನೆಯಲ್ಲಿ ಮಾತ್ರ ಆ ವಿಷಯ ಇನ್ನೂ ಪರಿಶೀಲನೆಯಲ್ಲಿತ್ತು.

ಪರಿಶೀಲಿಸುತ್ತಿದ್ದವನು ಮನೆಯ ಒಬ್ಬನೇ ಮಗ. ವಿಜ್ಞಾನದ ಪದವೀಧರ. ದಿನಬಳಕೆಯ ವಸ್ತುಗಳ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕಿರಿಯ ಸಹಾಯಕ. ಬಕೆಟ್ಟಿನ ಹಿಡಿಕೆಯನ್ನು ಅದು ಕಿತ್ತು ಬರುವವರೆಗೆ ಯಂತ್ರದಿಂದ ಎಳೆಸಿ, ಯಾವಾಗ ಕಿತ್ತು ಬಂತೆಂದು ಬರೆದಿಡುವುದು ಅವನ ಕೆಲಸ. ಕಿತ್ತು ಬರದ ಹಿಡಿಕೆ ಅವನ ಕೈಗೆ ಈವರೆಗೆ ಸಿಕ್ಕಿರಲಿಲ್ಲ. ಏಕೆಂದರೆ ಕಿತ್ತು ಬರುವವರೆಗೆ ಎಳೆಯಬೇಕೆಂಬುದೇ ಅಲ್ಲಿನ ನಿಯಮ. ಮನೆಯಲ್ಲಿ ಅವನನ್ನು ವಿಜ್ಞಾನಿ ಎಂದು ಕರೆಯುತ್ತಿದ್ದರು. ಹಾಗೆ ಕರೆಯುವಾಗ ಯಾರೂ ನಗುತ್ತಿರಲಿಲ್ಲ. ನಗುವ ಹಂತ ದಾಟಿ ಅದು ಹೆಸರೇ ಆಗಿಬಿಟ್ಟಿತ್ತು.

ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆಯನ್ನು ವಿಜ್ಞಾನಿ ತನ್ನ ಕಾರ್ಯಾಗಾರ ಮಾಡಿಕೊಂಡಿದ್ದ. ಒಂದು ಮರದ ಬೆಂಚು, ಅದಕ್ಕೆ ಬಿಗಿದ, ವಸ್ತುವನ್ನು ಅದುಮಿ ಹಿಡಿಯುವ ವೈಸು, ಗೋಡೆಯ ಮೇಲೆ ಎತ್ತರದ ಪ್ರಕಾರ ಸಾಲಾಗಿ ತೂಗುಹಾಕಿದ ಸ್ಕ್ರೂಡ್ರೈವರುಗಳು. ಬಾಗಿಲ ಮೇಲೆ ಅವನೇ ಬರೆದ ಫಲಕ: 'ಗೃಹ ಕಾರ್ಯಾಗಾರ. ಮನೆಗೆ ಬೇಕಾದದ್ದು ಮನೆಯಲ್ಲೇ.' ಅಲ್ಲಿ ಈವರೆಗೆ ತಯಾರಾದದ್ದು ಆ ಫಲಕ ಒಂದೇ.

ಮನೆಗೆ ಬೇಕಾದದ್ದು ಏನೆಂದು ಮೊದಲು ಹೇಳಿದವರು ಅಜ್ಜಿ. ಅವರ ಮಂಡಿ ಕೈಕೊಟ್ಟಿತ್ತು. ಹಿತ್ತಿಲ ಬಾಗಿಲಿನ ಮೆಟ್ಟಿಲು ಇಳಿದರೆ ಕಾಂಪೌಂಡಿನ ಪಕ್ಕ ಒಂದು ಕಲ್ಲುಬೆಂಚು. ಗೋಡೆಯ ಆಚೆಗೆ ಪಕ್ಕದ ಮನೆಯಾಕೆ. ಇಬ್ಬರೂ ಬೆಳಗಿನ ಹೊತ್ತು ಅಲ್ಲಿ ಮಾತಾಡುವುದು ಎಷ್ಟೋ ವರ್ಷದ ರೂಢಿ. ಮಂಡಿ ಕೈಕೊಟ್ಟ ದಿನ ಪಕ್ಕದ ಮನೆಯಾಕೆ ತನ್ನ ತಂಗಿಯ ಮಗಳ ಕಥೆ ಹೇಳುತ್ತಿದ್ದರು. ಹುಡುಗಿ ನಿಶ್ಚಯವಾದ ಹುಡುಗನ ಎದುರಿಗೇ ಉಂಗುರ ಬಿಚ್ಚಿ ಮೇಜಿನ ಮೇಲಿಟ್ಟಳು ಎಂಬಲ್ಲಿಗೆ ಬಂದಾಗ ಒಲೆಯ ಮೇಲಿನ ಹಾಲು ಉಕ್ಕಿ ಆಕೆ ಒಳಗೆ ಓಡಿದರು. ಮುಂದೇನಾಯಿತೆಂದು ಅಜ್ಜಿಗೆ ಗೊತ್ತಾಗಲೇ ಇಲ್ಲ. ಬಾಗಿಲಲ್ಲಿ ನಿಂತು ಕೂಗಿ ಕೇಳುವ ವಿಷಯವೂ ಅದಲ್ಲ.

"ಮೆಟ್ಟಿಲಿಗೆ ಒಂದು ಕಂಬಿ ಹಾಕಿಸಿಕೊಡೋ. ನಾನೇ ಹಿಡ್ಕೊಂಡು ಇಳೀತೀನಿ. ಯಾರ ಕೈಗೂ ಕಾಯೋದು ಬೇಡ" ಎಂದರು ಅಜ್ಜಿ.

ಬೇಡಿಕೆ ನ್ಯಾಯವಾದದ್ದೆಂದು ವಿಜ್ಞಾನಿ ಒಪ್ಪಿದ. ಮೆಟ್ಟಿಲ ಇಳಿಜಾರನ್ನೂ ಅಜ್ಜಿಯ ಅಂಗೈ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆಂಬುದನ್ನೂ ಅಳೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದ. ಕಬ್ಬಿಣದ ಪೈಪು ಬೇಕಾದ್ದಕ್ಕಿಂತ ಉದ್ದವಿತ್ತು. ಅಂಗಡಿಯವರು ಅದನ್ನು ಯಂತ್ರದ ಕೆಳಗಿಟ್ಟು, ಎಷ್ಟುದ್ದ ಬೇಕು ಹೇಳಿ, ಇಲ್ಲೇ ಕತ್ತರಿಸಿ ಕೊಡ್ತೀನಿ ಎಂದರು.

"ಬೇಡ, ಕತ್ತರಿಸೋದು ಮನೆಯಲ್ಲೇ ಆಗಬೇಕು."

"ಮನೇಲಿ ಗರಗಸ ಇದೆಯಾ?"

"ಇನ್ನು ಆಯ್ಕೆ ಮಾಡಬೇಕು."

ಅಂಗಡಿಯವರು ಯಂತ್ರದ ಸ್ವಿಚ್ಚಿನಿಂದ ಕೈ ತೆಗೆದರು. ಒಂದು ಕುರ್ಚಿಯ ಧೂಳು ಒರೆಸಿ, ಎಳೆದು ಹಾಕಿ, ಕೂತ್ಕೊಳ್ಳಿ ಸಾರ್ ಎಂದರು. ಆವರೆಗೆ ಅವರು ಸಾರ್ ಎಂದಿರಲಿಲ್ಲ.

ಪೈಪು ಮನೆಗೆ ಬಂತು. ಅದನ್ನು ನಡುಮನೆಯಲ್ಲಿ ಅಜ್ಜಿಯ ಕುರ್ಚಿಯ ಪಕ್ಕಕ್ಕೆ ಗೋಡೆಗೆ ಒರಗಿಸಲಾಯಿತು. ಅದರ ತುದಿ ಗೋಡೆ ಗಡಿಯಾರವನ್ನು ಮುಟ್ಟುತ್ತಿತ್ತು.

ಗರಗಸವನ್ನು ಒಬ್ಬರೇ ಆಯ್ಕೆ ಮಾಡುವುದು ಸರಿಯಲ್ಲವೆಂದು ವಿಜ್ಞಾನಿಯ ಅಪ್ಪ ಅಭಿಪ್ರಾಯಪಟ್ಟರು. ಅವರು ಕಚೇರಿಯೊಂದರ ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರಿಗೆ ಊಟ ನಿದ್ದೆಗಳಿಗೆ ಕೊರತೆಯಿರಲಿಲ್ಲ, ಸಭೆಗಳಿಗೆ ಇತ್ತು. ಹೀಗಾಗಿ ಗರಗಸ ಆಯ್ಕೆ ಸಮಿತಿ ರಚನೆಯಾಯಿತು. ಅಪ್ಪ ಅಧ್ಯಕ್ಷರು. ವಿಜ್ಞಾನಿ ಕಾರ್ಯದರ್ಶಿ. ಅಮ್ಮ ಹಣಕಾಸು ಹಾಗೂ ಚಹಾ. ಅಂಗಡಿಯವರು ತಜ್ಞ ಸದಸ್ಯರು. ಅಜ್ಜಿಯನ್ನು ಫಲಾನುಭವಿ ಎಂದು ಘೋಷಿಸಲಾಯಿತು. ಫಲಾನುಭವಿಯು ಸಭೆಯಲ್ಲಿ ಕೂರಬಹುದು, ಚಹಾ ಕುಡಿಯಬಹುದು, ಮತ ಹಾಕತಕ್ಕದ್ದಲ್ಲ.

ಕಂಬಿ ಬರುವವರೆಗೆ ಅಜ್ಜಿಯನ್ನು ಯಾರಾದರೂ ಕೈಹಿಡಿದು ಮೆಟ್ಟಿಲು ಇಳಿಸಬಹುದಿತ್ತು. ಆದರೆ ಯಾರಿಗೂ ಬಿಡುವಿರಲಿಲ್ಲ. ಎಲ್ಲರೂ ಸಮಿತಿಯಲ್ಲಿದ್ದರು.

ಮೊದಲ ಸಭೆಯಲ್ಲಿ ವಿಜ್ಞಾನಿ ಪ್ರಯೋಗಾಲಯದ ನಿಯಮಗಳನ್ನು ಮನೆಗೆ ಹೊಂದಿಸಿ ಮಂಡಿಸಿದ. ಒಂದನೆಯದಾಗಿ, ಹೋಲಿಸಿ ನೋಡದ ಯಾವ ಉಪಕರಣವನ್ನೂ ಕೊಳ್ಳತಕ್ಕದ್ದಲ್ಲ. ಎರಡನೆಯದಾಗಿ, ಪರೀಕ್ಷೆಗೆ ಬಳಸುವ ಮಾದರಿಯು ನಿಜವಾದ ಕೆಲಸದ ವಸ್ತುವೇ ಆಗಿರತಕ್ಕದ್ದು. ಬೇರೆ ಕಬ್ಬಿಣ ಕತ್ತರಿಸಿ ನೋಡಿ ಈ ಕಬ್ಬಿಣದ ಬಗ್ಗೆ ತೀರ್ಮಾನಿಸುವುದು ಮೋಸ. ಎರಡನೆಯ ನಿಯಮ ಬರೆಯುವಾಗ ಅವನಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು. ಪೈಪಿನಲ್ಲಿ ಹೆಚ್ಚುವರಿ ಉದ್ದವಿತ್ತಲ್ಲ, ಅದರಿಂದಲೇ ಪರೀಕ್ಷೆಯ ಬಿಲ್ಲೆಗಳನ್ನು ಕತ್ತರಿಸುವುದೆಂದು ತೀರ್ಮಾನವಾಯಿತು.

ಮೊದಲು ಬಂದದ್ದು ಕೈಗರಗಸ. ಚೌಕಟ್ಟಿಗೆ ಬ್ಲೇಡು ಬಿಗಿದು ಹಿಂದಕ್ಕೆ ಮುಂದಕ್ಕೆ ಎಳೆಯುವಂಥದ್ದು. ಪೈಪು ತೆಳುವಾದ್ದರಿಂದ ಸಣ್ಣ ಹಲ್ಲಿನ ಬ್ಲೇಡೇ ಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿ ಮುರಿಯುತ್ತದೆ ಎಂಬುದು ವಿಜ್ಞಾನಿಗೆ ಗೊತ್ತಿತ್ತು. ಪೈಪನ್ನು ವೈಸಿನಲ್ಲಿ ಬಿಗಿದ, ಒಂದು ಹನಿ ಎಣ್ಣೆ ಬಿಟ್ಟ, ಎಳೆದ. ಚಹಾ ಆರುವಷ್ಟರಲ್ಲಿ ಬಳೆಯಂಥ ಬಿಲ್ಲೆಯೊಂದು ಟಣ್ ಎಂದು ನೆಲಕ್ಕೆ ಬಿತ್ತು. ಅಂಚು ನೆಟ್ಟಗಿತ್ತು.

"ಕತ್ತರಿಸಿತಲ್ಲ, ಇನ್ನೇನು?" ಎಂದರು ಅಜ್ಜಿ, ಕುರ್ಚಿಯಲ್ಲೇ ಮುಂದಕ್ಕೆ ಬಾಗಿ.

"ಕತ್ತರಿಸಿತು ಅಜ್ಜಿ. ಆದರೆ ಉಳಿದವು ಇದಕ್ಕಿಂತ ಚೆನ್ನಾಗಿ ಕತ್ತರಿಸಲ್ಲ ಅಂತ ಇನ್ನೂ ಗೊತ್ತಾಗಿಲ್ಲವಲ್ಲ."

ತಜ್ಞ ಸದಸ್ಯರು ಈ ಮಾತಿಗೆ ಹೃತ್ಪೂರ್ವಕವಾಗಿ ತಲೆಯಾಡಿಸಿದರು. ತಮಗೆ ಸ್ವಂತ ಅಭಿಪ್ರಾಯ ಎಂಬುದಿಲ್ಲ, ದುಬಾರಿಯದರಿಂದ ಒಳ್ಳೆಯದಾಗುತ್ತದೆಂಬ ನಂಬಿಕೆ ಮಾತ್ರ ಇದೆ ಎಂದು ಅವರು ಮೊದಲೇ ತಿಳಿಸಿದ್ದರು. ಯಂತ್ರಗಳನ್ನು ಪರೀಕ್ಷೆಗೆಂದು ಪುಕ್ಕಟೆ ಕೊಡಲು ಅವರು ಒಪ್ಪಿದ್ದರು. ಬ್ಲೇಡು, ಕನ್ನಡಕ, ಕೈಗವಸು, ಎಣ್ಣೆ, ಅವನ್ನೆಲ್ಲ ಇಡಲು ಬೀರು, ಇವು ಮಾತ್ರ ಪುಕ್ಕಟೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಎರಡನೆಯದು ಕೈಯಲ್ಲಿ ಹಿಡಿದು ಕಬ್ಬಿಣ ಕತ್ತರಿಸುವ ಗ್ರೈಂಡರು. ಅದರ ತೆಳು ಚಕ್ರ ಪೈಪನ್ನು ಮುಟ್ಟಿದ್ದೇ ತಡ, ಕಿಡಿಗಳು ಸಾಮಾನಿನ ಕೋಣೆಯಿಂದ ಹೊರಟು ಅಡುಗೆಮನೆ ದಾಟಿ ತಂತಿಯ ಮೇಲೆ ಒಣಗಲು ಹಾಕಿದ್ದ ಅಧ್ಯಕ್ಷರ ಅಂಗಿಯನ್ನು ತಲುಪಿದವು. ಬೆನ್ನಿನ ಭಾಗದಲ್ಲಿ ದುಂಡನೆಯ ತೂತುಗಳಾದವು. ಈ ಉಪಕರಣವು ಬಟ್ಟೆಯನ್ನೂ ಕತ್ತರಿಸಬಲ್ಲದೆಂದು ದಾಖಲಿಸಿಕೊಳ್ಳಲಾಯಿತು. ಮೂರನೆಯದು ನಿಂತಲ್ಲೇ ತಲೆ ಬಗ್ಗಿಸಿ ಪೈಪನ್ನು ತುಂಡರಿಸುವ ಕಟಿಂಗ್ ಮಷೀನು. ಅದರ ಸದ್ದಿಗೆ ಬೀದಿಯವರು ಬಾಗಿಲಿಗೆ ಬಂದರು. ಅವರನ್ನು ವೀಕ್ಷಕರೆಂದು ಪರಿಗಣಿಸಿ ಅಮ್ಮ ಚಹಾ ಕೊಟ್ಟರು. ನಾಲ್ಕನೆಯದು ಹಲ್ಲಿನ ದುಂಡು ಗರಗಸ. ಬೆಣ್ಣೆ ಕುಯ್ದಂತೆ ಕುಯ್ಯಿತು. ಆದರೆ ತಣ್ಣಗಿರಲೆಂದು ಅದರ ಮೇಲೆ ಸುರಿಯುವ ಎಣ್ಣೆನೀರು ಅಡುಗೆಮನೆಯ ನೆಲಕ್ಕೆ ಹರಿದು, ಅಮ್ಮ ಒಲೆಯಿಂದ ಫ್ರಿಜ್ಜಿನವರೆಗೆ ಕಾಲೆತ್ತದೆ ತಲುಪಿದರು.

ಐದನೆಯದು ಬ್ಯಾಂಡ್‌ಸಾ. ಉದ್ದನೆಯ ಪಟ್ಟಿಯಂಥ ಬ್ಲೇಡು ಎರಡು ಗಾಲಿಗಳ ಮೇಲೆ ಸುತ್ತುತ್ತ, ತನ್ನಷ್ಟಕ್ಕೆ ತಾನೇ ನಿಧಾನವಾಗಿ ಇಳಿಯುತ್ತ, ಕತ್ತರಿಸಿ ಮುಗಿದೊಡನೆ ತಾನೇ ನಿಲ್ಲುವ ಯಂತ್ರ. ಅದರ ಗುಂಯ್ ಸದ್ದಿಗೆ ಅಧ್ಯಕ್ಷರಿಗೆ ಸ್ಟೂಲಿನ ಮೇಲೆ ಕೂತಲ್ಲೇ ನಿದ್ದೆ ಬಂತು. ಎದ್ದ ಮೇಲೆ ಅವರು ಗರಗಸಗಳಿಗೆ ಅಂಕ ಕೊಡುವ ಪಟ್ಟಿಗೆ ಮನಶ್ಶಾಂತಿ ಎಂಬ ಹೊಸ ಕಾಲಂ ಸೇರಿಸಲು ಸೂಚಿಸಿದರು.

ಇಷ್ಟಾದಾಗ ಪೈಪಿನ ತುದಿ ಗಡಿಯಾರ ಬಿಟ್ಟು ಕ್ಯಾಲೆಂಡರಿನ ಹತ್ತಿರ ಇತ್ತು. ಸರಿಯಾಗಿ ಹೇಳುವುದಾದರೆ ಕಂಬಿಗೆ ಬೇಕಾದ ಉದ್ದ ಅದೇ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ವಿಜ್ಞಾನಿಗೆ ನಿದ್ದೆ ಹತ್ತದಂಥ ಒಂದು ಸಂದೇಹ ಬಂತು. ಒಂದು ಬಿಲ್ಲೆಯ ಮೇಲೆ ಗರಗಸದ ಯೋಗ್ಯತೆ ಹೇಳಲಾಗದು, ಮೂರಾದರೂ ಬೇಕು. ಬಿಲ್ಲೆಗಳು ಮೂರಾದವು. ಆಗ ಅಧ್ಯಕ್ಷರು, ಎಲ್ಲವನ್ನೂ ಕಾರ್ಯದರ್ಶಿಯೇ ಕತ್ತರಿಸಿದ್ದರಿಂದ ಇದು ಗರಗಸದ ಪರೀಕ್ಷೆಯೋ ಕಾರ್ಯದರ್ಶಿಯ ಪರೀಕ್ಷೆಯೋ ಸ್ಪಷ್ಟವಿಲ್ಲ ಎಂದು ಆಕ್ಷೇಪಿಸಿದರು. ಅಧ್ಯಕ್ಷರೂ ಕತ್ತರಿಸಿದರು, ಅಮ್ಮನೂ ಕತ್ತರಿಸಿದರು. ಅಮ್ಮನ ಬಿಲ್ಲೆಗಳೇ ಎಲ್ಲಕ್ಕಿಂತ ಸಮವಾಗಿದ್ದವು. ಇದು ತರಕಾರಿ ಹೆಚ್ಚಿದ ಅನುಭವದ ಫಲವಾದ್ದರಿಂದ ತಾಂತ್ರಿಕವಾಗಿ ಪರಿಗಣಿಸುವಂತಿಲ್ಲವೆಂದು ಅವನ್ನು ಬದಿಗಿಡಲಾಯಿತು.

ಆಮೇಲೆ ವಿಜ್ಞಾನಿಗೆ ಇನ್ನೂ ದೊಡ್ಡ ಸಂದೇಹ ಬಂತು. ಕೈಗರಗಸದ ಬಿಲ್ಲೆಗಳೆಲ್ಲ ಪೈಪಿನ ತುದಿಯವು, ಬ್ಯಾಂಡ್‌ಸಾದವು ಒಳಗಿನವು. ಪೈಪು ಎಲ್ಲ ಕಡೆ ಒಂದೇ ಥರ ಗಟ್ಟಿಯಿದೆ ಎಂದು ಯಾರು ಹೇಳಿದರು? ಆದ್ದರಿಂದ ಇಡೀ ಪರೀಕ್ಷೆಯನ್ನು ಹಿಂದುಮುಂದಾಗಿ ಇನ್ನೊಮ್ಮೆ ಮಾಡತಕ್ಕದ್ದು. ಪ್ರಯೋಗಾಲಯದ ಮುಖ್ಯಸ್ಥರಿಗೆ ಇದನ್ನು ಹೇಳಿದಾಗ ಅವರು ಅವನ ಬೆನ್ನು ತಟ್ಟಿದರು. ಅಲ್ಲಿ ಯಾರ ಬೆನ್ನನ್ನಾದರೂ ತಟ್ಟಿದ್ದು ಅದೇ ಮೊದಲು.

ಪೈಪು ಕ್ಯಾಲೆಂಡರು ಬಿಟ್ಟು ಸ್ವಿಚ್ಚುಬೋರ್ಡಿಗೆ ಬಂತು.

"ಅದು ಗಿಡ್ಡ ಆಗ್ತಿದೆಯಲ್ಲೋ" ಎಂದರು ಅಜ್ಜಿ ಒಂದು ಸಂಜೆ. "ಮೊದಲು ತಲೆಯೆತ್ತಿ ನೋಡ್ತಿದ್ದೆ, ಈಗ ಅದೇ ನನ್ನನ್ನ ನೋಡ್ತಿದೆ."

ಅಮ್ಮನೂ ಅದನ್ನೇ ಹೇಳಿದರು. ಅಧ್ಯಕ್ಷರು ಕನ್ನಡಕ ತೆಗೆದು ಇಬ್ಬರಿಗೂ ಸಮಾಧಾನದಿಂದ ವಿವರಿಸಿದರು. ಇದು ಗರಗಸ ಆಯ್ಕೆ ಸಮಿತಿ. ಗರಗಸದ ಬಗ್ಗೆ ಏನೇ ಕೇಳಿದರೂ ಉತ್ತರಿಸಲು ಬದ್ಧ. ಪೈಪಿನ ಉದ್ದ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಪೈಪಿಗೆ ಬೇರೆ ಸಮಿತಿ ಬೇಕೆಂದರೆ ರಚಿಸಬಹುದು, ಅಧ್ಯಕ್ಷತೆಗೆ ತಮ್ಮ ತಕರಾರಿಲ್ಲ.

ವಿಜ್ಞಾನಿಯೂ ಪೈಪನ್ನು ಅಳೆಯಲಿಲ್ಲ. ಅವನು ಬಿಲ್ಲೆಗಳನ್ನು ಅಳೆಯುತ್ತಿದ್ದ, ಕೂದಲೆಳೆಯಷ್ಟೂ ತಪ್ಪದಂತೆ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಅಂಚು ಉಜ್ಜಿ, ಬಟ್ಟೆಯಲ್ಲಿ ಒರೆಸಿ ಹೊಸ ಬೀರುವಿನಲ್ಲಿ ಜೋಡಿಸುತ್ತಿದ್ದ. ಬೀರು ತುಂಬುತ್ತ ಬಂದಂತೆ ಕೆಲಸ ಮುಂದುವರಿಯುತ್ತಿದೆ ಎಂಬ ತೃಪ್ತಿ ಅವನಿಗಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಈ ನಡುವೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಎರಡು ಬಾರಿ ಇಣುಕಿ, ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ಕೈಸನ್ನೆಯಲ್ಲಿ ಏನೋ ಹೇಳಲು ನೋಡಿದರು. ಮೊದಲು ಉಂಗುರದ ಬೆರಳು ತೋರಿಸಿದರು, ಆಮೇಲೆ ಎರಡೂ ಕೈ ಬೀಸಿದರು. ಹುಡುಗಿ ಉಂಗುರ ಬಿಸಾಕಿದಳೋ, ಹುಡುಗ ಊರು ಬಿಟ್ಟನೋ, ಇಲ್ಲ ಸೊಳ್ಳೆ ಬಂತೋ ತಿಳಿಯದೆ ಅಜ್ಜಿಗೆ ಅನ್ನ ಸೇರಲಿಲ್ಲ.

ಕೊನೆಗೆ ಅಂಕಗಳನ್ನು ಕೂಡಲಾಯಿತು. ಕೈಗರಗಸ ಎರಡನೆಯದಾಗಿ ಬಂತು; ಮನಶ್ಶಾಂತಿಯ ಕಾಲಂನಲ್ಲಿ ಅದಕ್ಕೆ ಸೊನ್ನೆ ಬಿದ್ದಿತ್ತು. ಬ್ಯಾಂಡ್‌ಸಾ ಗೆದ್ದಿತು. ತಜ್ಞ ಸದಸ್ಯರಿಗೆ ಕಣ್ಣು ಒದ್ದೆಯಾಯಿತು. ಅಮ್ಮ ಕಣ್ಣು ಮುಚ್ಚಿಕೊಂಡು ಒಪ್ಪಿಗೆ ಸಹಿ ಹಾಕಿದರು. ತೆರೆದಿದ್ದರೆ ಬೆಲೆ ಕಾಣುತ್ತಿತ್ತು.

ಹೊಸ ಯಂತ್ರ ಸಾಮಾನಿನ ಕೋಣೆಯ ಬಾಗಿಲಿಗಿಂತ ಅಗಲವಿತ್ತು. ಬಾಗಿಲ ಚೌಕಟ್ಟನ್ನು ಬಿಚ್ಚಿ, ಬೆಂಚನ್ನು ಹೊರಗೆ ಹಾಕಿ, ಸ್ಕ್ರೂಡ್ರೈವರುಗಳನ್ನು ಮಂಚದ ಕೆಳಗೆ ಸೇರಿಸಿ ಅದನ್ನು ಒಳಗೆ ನೂಕಲಾಯಿತು. ಯಂತ್ರ ಒಳಗೆ ಹಿಡಿಸಿತು. ಆಮೇಲೆ ವಿಜ್ಞಾನಿ ಹಿಡಿಸಲಿಲ್ಲ. ಅವನು ಹಿತ್ತಿಲ ಕಿಟಕಿಯಿಂದ ಕೈ ಚಾಚಿ ಸ್ವಿಚ್ಚು ಹಾಕುವುದೆಂದು ಗೊತ್ತಾಯಿತು.

ಸಮಿತಿಯ ಎಲ್ಲ ಸದಸ್ಯರ ಸಮ್ಮುಖದಲ್ಲಿ ಅಧ್ಯಕ್ಷರು ನಾಲ್ಕು ಮಾತಾಡಿ, ಇನ್ನು ಮುಂದೆ ಈ ಮನೆಯಲ್ಲಿ ಯಾವ ಕಬ್ಬಿಣವೂ ಕತ್ತರಿಸದೆ ಉಳಿಯುವುದಿಲ್ಲ ಎಂದು ಘೋಷಿಸಿದರು. ಪೈಪನ್ನು ತರಲು ಹೇಳಿದರು. ಅಮ್ಮ ತಂದರು. ಅದಕ್ಕೆ ಎರಡು ಕೈ ಬೇಕಾಗಲಿಲ್ಲ.

ಪೈಪು ಒಂದು ಗೇಣಿತ್ತು.

ವಿಜ್ಞಾನಿ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಬಾಗಿಲಲ್ಲೇ ನಿಂತು ಕೈ ಚಾಚಿ ಯಂತ್ರದ ಹಿಡಿತಕ್ಕೆ ಸಿಕ್ಕಿಸಲು ನೋಡಿದ. ಅಷ್ಟು ಗಿಡ್ಡ ತುಂಡನ್ನು ಆ ಯಂತ್ರ ಹಿಡಿಯುವುದಿಲ್ಲ. ಅದು ಅದರ ಗುಣಲಕ್ಷಣಗಳ ಪಟ್ಟಿಯಲ್ಲೇ ಇತ್ತು, ಅವನೇ ಪೂರ್ಣಾಂಕ ಕೊಟ್ಟಿದ್ದ.

"ಇದನ್ನ ಹಿಡ್ಕೊಂಡು ನಾನು ಎಷ್ಟು ಮೆಟ್ಟಿಲು ಇಳೀಬಹುದಪ್ಪ?" ಎಂದು ಕೇಳಿದರು ಅಜ್ಜಿ. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. ವಿಜ್ಞಾನಿಯ ಕಿವಿ ಕೆಂಪಾದದ್ದು ಅದಕ್ಕೇ.

ಅಧ್ಯಕ್ಷರಿಗೆ ಇಂಥ ಸಂದರ್ಭಗಳ ಅಭ್ಯಾಸವಿತ್ತು. 'ಕತ್ತರಿಸುವ ಕಾರ್ಯವು ನಿಗದಿತ ಗುರಿಯನ್ನು ಮೀರಿ ಪೂರ್ಣಗೊಂಡಿದೆ' ಎಂದು ಅವರು ಟಿಪ್ಪಣಿ ಬರೆಸಿದರು. ತಜ್ಞ ಸದಸ್ಯರು ಎಲ್ಲರನ್ನೂ ಅಭಿನಂದಿಸಿ, ಹೊಸ ಪೈಪು ತರಬಹುದು, ಆದರೆ ಅದು ಬೇರೆ ಸಲ ತಯಾರಾದ ಲಾಟಿನದ್ದಾಗಿರುತ್ತದೆ, ಅದಕ್ಕೂ ಈ ಗರಗಸವೇ ತಕ್ಕದ್ದೋ ಅಲ್ಲವೋ ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕಾಗುತ್ತದೆ ಎಂದರು. ಪ್ರಾಮಾಣಿಕನಾದ ವಿಜ್ಞಾನಿಗೆ ಇದನ್ನು ಅಲ್ಲಗಳೆಯಲು ಆಗಲಿಲ್ಲ.

ಅಜ್ಜಿ ಕುರ್ಚಿಯಿಂದ ಎದ್ದರು. "ಬಾ ಇಲ್ಲಿ" ಎಂದು ಮೊಮ್ಮಗನನ್ನು ಹಿತ್ತಿಲ ಬಾಗಿಲಿಗೆ ಕರೆದೊಯ್ದು, ಅವನನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ, ಮೊಣಕೈಯನ್ನು ತಮಗೆ ಬೇಕಾದ ಎತ್ತರಕ್ಕೆ ಎತ್ತಿ, ಹಾಗೇ ಇರು ಎಂದರು. ಕಂಬಿ ಎಷ್ಟು ಎತ್ತರಕ್ಕಿರಬೇಕೆಂದು ಅವನಿಗೆ ಮೊದಲೇ ಗೊತ್ತಿತ್ತು. ಅಜ್ಜಿ ಹಿಡಿದರು, ಇಳಿದರು. ಕಂಬಿಯೂ ಜೊತೆಗೆ ಒಂದೊಂದೇ ಮೆಟ್ಟಿಲು ಇಳಿಯಿತು.

ಅಧ್ಯಕ್ಷರು ಅಂದೇ ಆದೇಶ ಹೊರಡಿಸಿದರು. ಕಾಯಂ ಕಂಬಿ ಬರುವವರೆಗೆ ಕಾರ್ಯದರ್ಶಿಯು ತಾತ್ಕಾಲಿಕ ಕಂಬಿಯಾಗಿ ಕಾರ್ಯ ನಿರ್ವಹಿಸತಕ್ಕದ್ದು. ಕಂಬಿಯು ಅಲುಗಾಡತಕ್ಕದ್ದಲ್ಲ. ಫಲಾನುಭವಿ ಮತ್ತು ಪಕ್ಕದ ಮನೆಯವರ ಮಾತುಕತೆಯಲ್ಲಿ ಕಂಬಿಯು ಬಾಯಿ ಹಾಕತಕ್ಕದ್ದಲ್ಲ. ಮಾತು ಮುಗಿಯುವವರೆಗೆ ಕಂಬಿಯು ಸ್ಥಳ ಬಿಡತಕ್ಕದ್ದಲ್ಲ.

ಮರುದಿನ ಬೆಳಿಗ್ಗೆ ಕಲ್ಲುಬೆಂಚಿನ ಪಕ್ಕ ನಿಂತ ಕಂಬಿಗೆ ಉಂಗುರದ ಕಥೆಯ ಉಳಿದರ್ಧ ಕೇಳಿಸಿತು. ಹುಡುಗಿ ಉಂಗುರ ಬಿಚ್ಚಿಟ್ಟದ್ದು ಹಿಟ್ಟು ಕಲಸುವುದಕ್ಕಂತೆ. ಕೈ ತೊಳೆದು ಮತ್ತೆ ಹಾಕಿಕೊಂಡಳಂತೆ. ಇಷ್ಟಕ್ಕೇ ತಾನು ಊಟ ಬಿಟ್ಟದ್ದೆಂದು ಅಜ್ಜಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಕಂಬಿಯನ್ನು ಜೋರಾಗಿ ಅದುಮಿದರು. ಕಂಬಿ ಸಹಿಸಿತು.

ಹೀಗೆಯೇ ಕೆಲವು ವಾರ ಕಳೆದ ಮೇಲೆ ಅಮ್ಮ ಯಾರಿಗೂ ಹೇಳದೆ ಅಂಗಡಿಗೆ ಹೋಗಿ, ಬೇಕಾದ ಉದ್ದಕ್ಕೆ ಕತ್ತರಿಸಿದ ಪೈಪು ತಂದು, ವೆಲ್ಡಿಂಗಿನವರನ್ನು ಕರೆಸಿ, ಮಗ ಕೆಲಸದಿಂದ ಬರುವಷ್ಟರಲ್ಲಿ ಮೆಟ್ಟಿಲಿಗೆ ಕಂಬಿ ಹಾಕಿಸಿಬಿಟ್ಟರು. ವಿಜ್ಞಾನಿ ಅದನ್ನು ಅಲ್ಲಾಡಿಸಿ ನೋಡಿದ. ಭದ್ರವಾಗಿತ್ತು. ಅವನಿಗೆ ಸ್ವಲ್ಪ ಬೇಸರವಾಯಿತು, ಬಹಳಷ್ಟು ನಿರಾಳವಾಯಿತು. ನಾಳೆಯಿಂದ ನೀವೇ ಇಳಿಯಬಹುದು ಎಂದು ಅಜ್ಜಿಗೆ ಹೇಳಿದ.

"ಹೋಲಿಸಿ ನೋಡದೆ ಒಪ್ಪಿಕೊಳ್ಳೋದು ಹೇಗಪ್ಪ? ನಿಯಮ ನಿನ್ನದೇ ಅಲ್ವಾ?"

ಹೋಲಿಕೆ ನಡೆಯಿತು. ಅಜ್ಜಿ ಕಬ್ಬಿಣದ ಕಂಬಿ ಹಿಡಿದು ಮೂರು ಸಲ ಇಳಿದರು, ಮೊಮ್ಮಗನನ್ನು ಹಿಡಿದು ಮೂರು ಸಲ ಇಳಿದರು. ಆಮೇಲೆ ಹಿಂದುಮುಂದಾಗಿ ಇನ್ನೊಮ್ಮೆ. ಇಷ್ಟು ಸಲ ಇಳಿದು ಹತ್ತಿದ ಮೇಲೆ ಮಂಡಿ ಪರವಾಗಿಲ್ಲವೇ ಎಂದು ಯಾರೂ ಕೇಳಲಿಲ್ಲ. ಮಂಡಿಯು ವ್ಯಾಪ್ತಿಗೆ ಬರುತ್ತಿರಲಿಲ್ಲ. ಗಟ್ಟಿತನದಲ್ಲಿ ಕಬ್ಬಿಣಕ್ಕೆ ಹೆಚ್ಚು ಅಂಕ ಬಂತು. ಬೆಳಿಗ್ಗೆ ಮುಟ್ಟಿದರೆ ತಣ್ಣಗಿರುತ್ತದೆಂದು ಒಂದಷ್ಟು ಕಳೆಯಲಾಯಿತು. ದಿಂಬು ಹೊತ್ತು ತರುವುದು, ಕನ್ನಡಕ ಮರೆತರೆ ಒಳಗೆ ಹೋಗಿ ತರುವುದು, ಇವುಗಳಲ್ಲಿ ಕಬ್ಬಿಣಕ್ಕೆ ಸೊನ್ನೆ. ಮೊಮ್ಮಗ ಸ್ವಲ್ಪ ಬೆವರುತ್ತಾನೆ ಎಂಬುದನ್ನು ಅಜ್ಜಿ ಮುಚ್ಚಿಡಲಿಲ್ಲ, ಅದಕ್ಕೂ ಅಂಕ ಕಳೆದರು. ಮನಶ್ಶಾಂತಿಯ ಕಾಲಂಗೆ ಬಂದಾಗ ಅಜ್ಜಿ ಮೊಮ್ಮಗನ ಕಡೆಗೆ ಪೂರ್ಣಾಂಕ ಬರೆಸಿದರು.

ಕಾಲಂಗಳನ್ನು ಪರೀಕ್ಷೆಯ ನಡುವೆ ಸೇರಿಸುವುದು ಸರಿಯಲ್ಲವೆಂದು ವಿಜ್ಞಾನಿ ಆಕ್ಷೇಪಿಸಲು ಹೋದ. ಹಾಗೆ ಸೇರಿಸಿದ ಕಾಲಂನಿಂದಲೇ ಬ್ಯಾಂಡ್‌ಸಾ ಗೆದ್ದದ್ದು ನೆನಪಾಗಿ ಅಂಕಗಳನ್ನು ಕೂಡಿದ. ಮೊಮ್ಮಗ ಗೆದ್ದಿದ್ದ. ಅಧ್ಯಕ್ಷರು 'ತಾತ್ಕಾಲಿಕ' ಎಂಬ ಪದವನ್ನು ಹೊಡೆದುಹಾಕಿ ಸಹಿ ಮಾಡಿದರು.

ಈಗ ಎಲ್ಲವೂ ಸುಸೂತ್ರವಾಗಿದೆ. ಕಬ್ಬಿಣದ ಕಂಬಿಯ ಮೇಲೆ ಅಮ್ಮ ಒದ್ದೆ ಟವೆಲುಗಳನ್ನು ಹಾಕುತ್ತಾರೆ. ಬೀರುವಿನ ಬಿಲ್ಲೆಗಳು ಚೀಟಿ ಸಮೇತ ಪರದೆಗಳಿಗೆ ಬಳೆಗಳಾಗಿವೆ. ಅಧ್ಯಕ್ಷರು ಮಧ್ಯಾಹ್ನದ ನಿದ್ದೆಗೆಂದು ಬ್ಯಾಂಡ್‌ಸಾವನ್ನು ಖಾಲಿಯಾಗಿ ಓಡಿಸುತ್ತಾರೆ. ವಿಜ್ಞಾನಿ ದಿನವೂ ಕೆಲಸಕ್ಕೆ ತಡವಾಗಿ ಬರುವುದನ್ನು ಪ್ರಯೋಗಾಲಯದ ಮುಖ್ಯಸ್ಥರು ಹಿಡಿಕೆಯ ದೀರ್ಘಾವಧಿ ಪರೀಕ್ಷೆ ಎಂದು ಮಂಜೂರು ಮಾಡಿದ್ದಾರೆ. ಪರೀಕ್ಷೆಯ ಅವಧಿ ಎಷ್ಟೆಂದು ಅವನು ಕೇಳಲಿಲ್ಲ. ಅಲ್ಲಿನ ನಿಯಮ ಅವನಿಗೆ ಗೊತ್ತಿದೆ.

ಮೊನ್ನೆ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಅವನನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಕಾಲೂ ಈಗೀಗ ಮಾತು ಕೇಳಲ್ಲ, ಇಂಥದ್ದು ಒಂದು ನಮಗೂ ಬೇಕಿತ್ತು, ಎಲ್ಲಿ ಸಿಕ್ಕಿತು ಎಂದು ಅಜ್ಜಿಯನ್ನು ವಿಚಾರಿಸಿದರು.

"ಅಂಗಡಿಯಲ್ಲಿ ಸಿಗಲ್ಲ. ಮನೆಯಲ್ಲೇ ಮಾಡಿದ್ದು" ಎಂದರು ಅಜ್ಜಿ.

ಕಂಬಿ ಮೊಣಕೈಯನ್ನು ಕೂದಲೆಳೆಯಷ್ಟು ಎತ್ತರಿಸಿ ಸರಿಪಡಿಸಿಕೊಂಡಿತು.